ಬಿಚ್ಚಿ ಮತ್ತೆ ಹೊಲಿಯುವ ಟೈಲರಕ್ಕ

(ಆಪ್ತಸಲಹೆ ಪ್ರಕರಣ. ಗುರುತು ಸಿಗಬಾರದೆಂದು ಊರು, ವಯಸ್ಸು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಅವರನ್ನು ನನ್ನ ಹತ್ತಿರ ಕಳಿಸಿದ್ದು ಮೂಳೆ ಡಾಕ್ಟರು. ಕುತ್ತಿಗೆ, ಬಲಭುಜ ವಿಪರೀತ ನೋವು. ಮಾತ್ರೆ, ಫಿಸಿಯೊಥೆರಪಿ ಎರಡೂ ಆಗಿತ್ತು. ನಾಲ್ಕು ದಿನ ಕಡಿಮೆಯಾಗಿ ಮತ್ತೆ ಶುರುವಾಗುತ್ತಿತ್ತು. ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀರಿ ಎಂದು ಡಾಕ್ಟರು ಸುಮ್ನೆ ಕೇಳಿದ್ದಕ್ಕೆ ಅಳು ಬಂದುಬಿಟ್ಟಿತಂತೆ.

ನಲವತ್ತು ದಾಟಿದ ಹೆಂಗಸು. ಹಳೇ ಮೈಸೂರು ಕಡೆಯ ಒಂದು ಪಟ್ಟಣ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬ್ಲೌಸ್ ಹೊಲಿಯುವುದರಲ್ಲಿ ಆ ಏರಿಯಾಗೆಲ್ಲ ಹೆಸರು. ಬೀದಿಯವರು ‘ಟೈಲರಕ್ಕ’ ಎನ್ನುತ್ತಾರೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಬಂದು ಕೂತವರೇ ಅವರು ಹೇಳಿದ್ದು ಇಷ್ಟು: “ಮೇಡಂ, ನನಗೆ ಬೇಕಾಗಿರೋದು ಕೆಲಸಕ್ಕೆ ಜನ. ಕಮ್ಮಿ ಸಂಬಳಕ್ಕೆ ಯಾರೂ ಸಿಗಲ್ಲ. ಸಿಕ್ಕೋರು ನಿಲ್ಲಲ್ಲ. ಇದಕ್ಕೆ ಕೌನ್ಸೆಲಿಂಗ್ ಯಾಕೆ ಅಂತ ಗೊತ್ತಾಗ್ತಿಲ್ಲ.”

ನ್ಯಾಯವಾದ ಮಾತೇ. ಹಾಗಾಗಿ ಮನಸ್ಸಿನ ವಿಷಯ ಬದಿಗಿಟ್ಟು ಅಂಗಡಿಯಿಂದಲೇ ಶುರು ಮಾಡಿದೆ. ಒಂದು ಲೈನಿಂಗ್ ಬ್ಲೌಸ್‌ಗೆ ಏನೇನು ಮಾಡ್ತೀರಿ, ಯಾವುದಕ್ಕೆ ಎಷ್ಟು ಹೊತ್ತು, ಒಂದು ವಾರ ಬರೆದುಕೊಂಡು ಬನ್ನಿ ಎಂದೆ. ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ತಂದರು. ಕಟಿಂಗ್ 20 ನಿಮಿಷ. ಮಿಷನ್ ಮೇಲೆ ಹೊಲಿಗೆ ಒಂದೂವರೆ ಗಂಟೆ ಹತ್ತಿರ. ಆಮೇಲೆ ಕೈಕೆಲಸ: ಹೆಮ್ಮಿಂಗ್, ಹುಕ್, ಕಾಜ, ಡೋರಿ. ಅದಕ್ಕೆ 35 ನಿಮಿಷ. ಇದರ ಮಧ್ಯೆ ಲೈನಿಂಗ್ ಬಟ್ಟೆ, ದಾರ, ಫಾಲ್ಸ್ ಮ್ಯಾಚಿಂಗ್ ಹುಡುಕಿಕೊಂಡು ಪೇಟೆಗೆ ಹೋಗುವುದು. “ಆಯ್ತಾ ಅಕ್ಕಾ?” ಎಂದು ಬರುವ ಫೋನ್ ಬೇರೆ, ರಾತ್ರಿ ಹತ್ತಕ್ಕೂ.

ದಿನಕ್ಕೆ ಐದು ಬ್ಲೌಸ್ ಎಂದರೆ ಕೈಕೆಲಸವೇ ಸುಮಾರು ಮೂರು ಗಂಟೆ. ಅದನ್ನು ಅವರು ಮಾಡುತ್ತಿದ್ದುದು ಊಟ, ಪಾತ್ರೆ ಎಲ್ಲ ಮುಗಿದ ಮೇಲೆ, ಟ್ಯೂಬ್‌ಲೈಟ್ ಕೆಳಗೆ ಕುತ್ತಿಗೆ ಬಗ್ಗಿಸಿಕೊಂಡು. ಭುಜದ ನೋವಿನ ವಿಳಾಸ ಅಲ್ಲೇ ಸಿಕ್ಕಿತು.

ಹೊರಗೆ ಕೊಟ್ಟರೆ ಹೆಮ್ಮಿಂಗ್, ಹುಕ್‌ಗೆ ಎಷ್ಟು ಎಂದು ಕೇಳಿದೆ. ಒಂದಕ್ಕೆ 40 ರೂಪಾಯಿ ಎಂದರು. ಐದಕ್ಕೆ 200. ಲೈನಿಂಗ್ ಬ್ಲೌಸ್‌ಗೆ ಅವರು ತೆಗೆದುಕೊಳ್ಳುವುದು 450. ಮೂರು ಗಂಟೆಯಲ್ಲಿ ಮಿಷನ್ ಮೇಲೆ ಎರಡು ಬ್ಲೌಸ್ ಹೊಲಿಯಬಲ್ಲ ಕೈಯನ್ನು 200 ರೂಪಾಯಿ ಕೆಲಸಕ್ಕೆ ಕೂರಿಸಿದ್ದೀರಿ ಎಂದೆ. ಕಣ್ಣರಳಿಸಿ, “ಹಾಗಾದ್ರೆ ಆ ಮೂರು ಗಂಟೆಗೆ ಇನ್ನೆರಡು ಬ್ಲೌಸ್ ಒಪ್ಕೋಬಹುದು ಅಲ್ವಾ?” ಎಂದರು. ಮಲಗಬಹುದು ಎಂದೆ. ನಕ್ಕರು, ಆದರೆ ಆ ಮಾತು ಹಿಡಿಸಲಿಲ್ಲ.

ಸಣ್ಣ ಅಂಗಡಿ ನಡೆಸುವ ಬಹಳ ಜನರಲ್ಲಿ ಇದನ್ನು ನೋಡಿದ್ದೇನೆ. ಬೇರೆಯವರ ಗಂಟೆಗೆ ರೂಪಾಯಿ ಲೆಕ್ಕ ಇರುತ್ತದೆ, ತಮ್ಮ ಗಂಟೆ ಪುಕ್ಕಟೆ. ಅದಕ್ಕೇ ಸಂಬಳ ಕೊಡುವುದು ದಂಡ ಅನ್ನಿಸುತ್ತದೆ.

ಇನ್ನು ‘ನಿಲ್ಲದ’ ಹುಡುಗಿಯರ ಕತೆ. ಮೂವರು ಬಂದು ಹೋಗಿದ್ದರು. ತಿಂಗಳಿಗೆ 2,000 ಕೊಟ್ಟು, ಮಧ್ಯಾಹ್ನ ಊಟ ಹಾಕಿ, ಮಗಳ ಹಾಗೆ ನೋಡಿಕೊಂಡೆ ಎನ್ನುತ್ತಾರೆ. ಒಬ್ಬಳು ಎರಡು ಬೀದಿ ಆಚೆ ತಾನೇ ಅಂಗಡಿ ಹಾಕಿದಳು. ಅಕ್ಕನಿಗೆ ಆ ಗಾಯ ಇನ್ನೂ ಮಾಗಿಲ್ಲ. “ಕಲಿಸಿದ್ದೇ ತಪ್ಪಾಯ್ತು.”

ಆ ಹುಡುಗಿಯರು ಏನು ಹೇಳಿಕೊಂಡು ಬಂದಿದ್ದರು? ಟೈಲರಿಂಗ್ ಕಲಿಯುತ್ತೇವೆ ಎಂದು. ಇವರು ಕಸ ಗುಡಿಸಲು, ಹುಕ್ ಹಾಕಲು, ಡೆಲಿವರಿ ಕೊಡಲು ಇಟ್ಟುಕೊಂಡರು. ಕಲಿಯಲು ಬಂದವಳು ಕಲಿತ ಮೇಲೆ ಹೋಗುತ್ತಾಳೆ. ಅದು ದ್ರೋಹ ಹೇಗಾಗುತ್ತದೆ? ದುಡಿಯಲು ಬರುವವಳು ಬೇರೆ. ಅವಳಿಗೆ ಕೆಲಸ, ಹೊತ್ತು, ಹಣ ಮೂರೂ ಮೊದಲೇ ಗೊತ್ತಿರಬೇಕು. 2,000ಕ್ಕೆ ಸಿಕ್ಕಿದ್ದು ಅವರು ಕಲಿಯುವವರಾಗಿದ್ದರಿಂದ. ಅದೇ ರೇಟಿಗೆ ನಿಲ್ಲುವವರು ಬೇಕು ಎಂದರೆ ಎಲ್ಲಿಂದ ಬರಬೇಕು? ಇದನ್ನು ಕೊಂಚ ಖಾರವಾಗಿಯೇ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವಳು ಹೋಗುವಾಗ ಕಾಲಿಗೆ ಬಿದ್ದು ಹೋದಳು ಮೇಡಂ, ನಾನೇ ಮಾತಾಡಿಸಲಿಲ್ಲ” ಎಂದರು.

ಕಡಿಮೆ ಖರ್ಚಿನ ಸಹಾಯ ಎಂದರೆ ಕಡಿಮೆ ಸಂಬಳದ ಆಳು ಎಂದು ಅವರು ತಿಳಿದಿದ್ದರು. ನನ್ನ ಸಲಹೆ ಬೇರೆ. ದಿನವಿಡೀ ಕೂರುವ ಒಬ್ಬರು ಈಗ ಬೇಡ. ನಿಮ್ಮ ಕೈ ಅತಿ ಕಡಿಮೆ ಬೇಕಾದ ಕೆಲಸ ಯಾವುದೋ ಅದನ್ನು ಮಾತ್ರ, ಅಷ್ಟು ಹೊತ್ತಿಗೆ ಮಾತ್ರ, ಸರಿಯಾದ ದುಡ್ಡು ಕೊಟ್ಟು ಮಾಡಿಸಿ. ಶಾಲೆಗೆ ಮಕ್ಕಳನ್ನು ಬಿಟ್ಟು ಬಂದು, ಮೂರೂವರೆಗೆ ಮನೆ ಸೇರಬೇಕಾದ ಹೆಂಗಸರು ಎಷ್ಟೋ ಜನ. ಅವರಿಗೆ ಯಾವ ಫ್ಯಾಕ್ಟರಿಯೂ ಆ ಟೈಮಿಗೆ ಕೆಲಸ ಕೊಡುವುದಿಲ್ಲ. ನೀವು ಕೊಡಬಹುದು.

ಎಲ್ಲಿ ಹುಡುಕುವುದು? ಅಕ್ಕ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ ಕೈಬಿಟ್ಟಿದ್ದರು. ಅದನ್ನು ನೋಡುವವರೆಲ್ಲ ಅವರ ಗಿರಾಕಿಗಳೇ! ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಸ್ತ್ರೀಶಕ್ತಿ ಸಂಘದವರ ಪರಿಚಯ ಅವರಿಗೆ ಇರುತ್ತದೆ ಎಂದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆಗೊಂದರಂತೆ ಬ್ಯಾಂಕುಗಳ ತರಬೇತಿ ಕೇಂದ್ರಗಳಿವೆ. ಅಲ್ಲಿ ಹೆಂಗಸರಿಗೆ ಹೊಲಿಗೆ ತರಬೇತಿ ಪುಕ್ಕಟೆ. ಮುಗಿಸಿದವರಲ್ಲಿ ಎಲ್ಲರೂ ಅಂಗಡಿ ಹಾಕುವುದಿಲ್ಲ, ಒಮ್ಮೆ ಹೋಗಿ ವಿಚಾರಿಸಿ ಎಂದೆ. ಮತ್ತೊಂದು ದಾರಿ ಗಾರ್ಮೆಂಟ್ಸ್ ಬಿಟ್ಟವರು. ಮಂಡ್ಯ, ರಾಮನಗರ ಕಡೆ ಮದುವೆಯೋ ಮಗುವೋ ಆಗಿ ಗಾರ್ಮೆಂಟ್ಸ್ ಬಿಟ್ಟ ಹೆಂಗಸರು ಊರೂರಲ್ಲೂ ಇದ್ದಾರೆ.

“ಗಾರ್ಮೆಂಟ್ಸ್‌ನೋರಿಗೆ ಪೂರ್ತಿ ಬ್ಲೌಸ್ ಬರಲ್ಲ ಮೇಡಂ. ಕಾಲರ್ ಅಂದ್ರೆ ಕಾಲರ್, ತೋಳು ಅಂದ್ರೆ ತೋಳು.” ಪೂರ್ತಿ ಬ್ಲೌಸ್ ಕೊಡಿ ಎಂದು ಹೇಳಿದವರು ಯಾರು? ತೋಳೇ ಕೊಡಿ ಎಂದೆ.

ಆಳು ಇಟ್ಟರೆ ಪಿಎಫ್ (ಭವಿಷ್ಯ ನಿಧಿ), ಇಎಸ್ಐ (ನೌಕರರ ವಿಮೆ) ಕಟ್ಟಬೇಕು ಎಂದು ಯಾರೋ ಹೆದರಿಸಿದ್ದರು. ಪಿಎಫ್ ಕಡ್ಡಾಯ 20 ಜನ ಇದ್ದರೆ, ಇಎಸ್ಐ 10 ಜನ ಇದ್ದರೆ. ಇವರಿಗೆ ಎರಡೂ ಇಲ್ಲ. ಕನಿಷ್ಠ ವೇತನ ಮಾತ್ರ ಒಬ್ಬರೇ ಇದ್ದರೂ ಉಂಟು. ಪೀಸ್ ರೇಟ್, ಅಂದರೆ ಒಂದೊಂದು ಬ್ಲೌಸ್‌ಗೆ ಇಷ್ಟು ಎಂಬ ಲೆಕ್ಕ ಆದರೂ ಕೂತ ಗಂಟೆಗೆ ಭಾಗಿಸಿ ನೋಡಿದಾಗ ಅದಕ್ಕಿಂತ ಕೆಳಗೆ ಬೀಳಬಾರದು. ಕುಶಲಕರ್ಮಿಗಳಿಗೆ ಸಾಲ ಕೊಡುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರಿಂಗ್ ಕೂಡ ಇದೆ, ಸಾಲ ತೆಗೆದು ಪವರ್ ಮಿಷನ್ ಹಾಕಲೇ ಎಂದೂ ಕೇಳಿದರು. ಅಂಗಡಿಯಲ್ಲಿ ಆಗಲೇ ಒಂದು ಮಿಷನ್ ಕವರ್ ಹೊದ್ದು ಕೂತಿದೆ. ಮೊದಲು ಅದರ ಮುಂದೆ ಯಾರಾದರೂ ಕೂರಲಿ, ಆಮೇಲೆ ನೋಡೋಣ ಎಂದೆ.

ಅಂಗನವಾಡಿಯ ಮೂಲಕವೇ ಒಬ್ಬರು ಸಿಕ್ಕರು. ಪಕ್ಕದ ಹಳ್ಳಿಯವರು, ಎರಡು ಮಕ್ಕಳ ತಾಯಿ, ಮೊದಲು ಗಾರ್ಮೆಂಟ್ಸ್‌ನಲ್ಲಿದ್ದವರು. ಹತ್ತೂವರೆಯಿಂದ ಮೂರರವರೆಗೆ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ದಿನಾ ಟಿಕೆಟ್ ಕೊಟ್ಟು ಬರಬೇಕಾಗಿದ್ದರೆ ಈ ಕೆಲಸ ಅವರಿಗೆ ಗಿಟ್ಟುತ್ತಿರಲಿಲ್ಲ.

ಇಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು. ಆದರೆ ಮುಂದಿನ ಸಲ ಬಂದಾಗ ಅಕ್ಕನ ಕಣ್ಣ ಕೆಳಗೆ ಅದೇ ಕಪ್ಪು. ಏನಾಯ್ತು ಎಂದರೆ, “ಹೆಮ್ಮಿಂಗ್ ಅವಳು ಮಾಡ್ತಾಳೆ. ರಾತ್ರಿ ನಾನು ಬಿಚ್ಚಿ ಮತ್ತೆ ಹಾಕ್ತೀನಿ.” ಚೀಲದಿಂದ ಒಂದು ರೇಷ್ಮೆ ಬ್ಲೌಸ್ ತೆಗೆದು ತೋರಿಸಿದರು. ತೋಳಿನ ಅಂಚಿನಲ್ಲಿ, ಹೊರಮಗ್ಗುಲಲ್ಲಿ, ಸಾಸಿವೆಗಿಂತ ಚಿಕ್ಕ ದಾರದ ಚುಕ್ಕಿಗಳು. ಉಗುರಿನಿಂದ ಒಂದೊಂದನ್ನೇ ತೋರಿಸುತ್ತಾ ಹೋದರು. ನಿಜ, ರೇಷ್ಮೆ ಬ್ಲೌಸಿಗೆ ಅದು ತಪ್ಪೇ. ಆದರೆ ದಿನಾ ಉಡುವ ಕಾಟನ್ ಬ್ಲೌಸ್‌ಗಳನ್ನೂ ಬಿಚ್ಚಿದ್ದರು. ಗಿರಾಕಿ ಯಾರಾದರೂ ದೂರಿದರಾ? ಇಲ್ಲ. ಆ ಹೆಂಗಸಿಗೆ ಹೇಳಿದಿರಾ? “ಬೇಜಾರು ಮಾಡ್ಕೋತಾಳೆ.” ಅಂದರೆ ಅವರಿಗೆ ತಮ್ಮ ಹೊಲಿಗೆ ಸರಿ ಇಲ್ಲ ಎಂಬುದೇ ಗೊತ್ತಿಲ್ಲ.

ಎರಡು ಒಪ್ಪಂದ ಮಾಡಿಕೊಂಡೆವು. ಅಕ್ಕನೇ ಮಾಡಿದ ಒಂದು ಬ್ಲೌಸನ್ನು ಒಳಮಗ್ಗುಲು ಹೊರಗೆ ಮಾಡಿ ಮೊಳೆಗೆ ನೇತುಹಾಕುವುದು, ‘ಹೀಗೆ ಬರಬೇಕು’ ಎಂದು ಅದನ್ನೇ ತೋರಿಸುವುದು. ಮಧ್ಯಾಹ್ನ ಎರಡೂವರೆಗೆ ಒಟ್ಟಿಗೆ ಕೂತು ಆ ದಿನದ್ದನ್ನು ನೋಡುವುದು, ಬಿಚ್ಚಬೇಕಾದರೆ ಹಾಕಿದವರೇ ಬಿಚ್ಚಿ ಹಾಕುವುದು. ರಾತ್ರಿ ಸೂಜಿ ಹಿಡಿಯುವಂತಿಲ್ಲ. ರೇಷ್ಮೆಯದು ಬೇಕಾದರೆ ಕೆಲವು ತಿಂಗಳು ಅಕ್ಕನೇ ಇಟ್ಟುಕೊಳ್ಳಲಿ, ಹಗಲಲ್ಲಿ.

ರಾತ್ರಿ ಸೂಜಿ ಬೇಡ ಎಂದಾಗ ಅವರ ಮುಖ ನೋಡಬೇಕಿತ್ತು. ಗಾಬರಿ. ಆಗ ನಾನು ಅಂಗಡಿಯ ಲೆಕ್ಕ ಬಿಟ್ಟು ಮನೆಯ ಮಾತಿಗೆ ಬಂದೆ.

ಹತ್ತು ವರ್ಷದ ಹಿಂದೆ ಗಂಡನ ವ್ಯಾಪಾರ ಮುಳುಗಿತ್ತು. ಆಗ ಹೊಲಿಗೆ ಮಿಷನ್ ಮನೆ ನಡೆಸಿತು. ಅದಕ್ಕೂ ಮೊದಲು ಆ ಮನೆಯಲ್ಲಿ ಇವರನ್ನು ಒಂದು ಮಾತು ಕೇಳುವವರಿರಲಿಲ್ಲ. ಈಗ ಅತ್ತೆ ಹಬ್ಬಕ್ಕೆ ಏನು ಮಾಡೋಣ ಎಂದು ಕೇಳುತ್ತಾರೆ, ಗಂಡ ಸೈಟಿನ ವಿಷಯಕ್ಕೂ ಇವರ ಅಭಿಪ್ರಾಯ ಕೇಳುತ್ತಾರೆ. ಎಲ್ಲರೂ ಮಲಗಿದ ಮೇಲೂ ಸೂಜಿ ಹಿಡಿದು ಕೂರುವುದು ಆ ಮನೆಯಲ್ಲಿ ಇವರು ಸಂಪಾದಿಸಿದ ಸ್ಥಾನ. “ಅವಳೇ ಎಲ್ಲ ಮಾಡಿಬಿಟ್ರೆ ನಾನ್ಯಾಕೆ ಬೇಕು?” ಎಂದು ಕೊನೆಗೆ ಅವರ ಬಾಯಿಂದಲೇ ಬಂತು. ನನ್ನ ಕೈ ಇಲ್ಲದೆ ಏನೂ ಆಗಲ್ಲ ಎನ್ನುವುದನ್ನು ಅಲ್ಲಿಯವರೆಗೆ ದೂರಿನ ಹಾಗೆ ಹೇಳುತ್ತಿದ್ದರು. ಅದರೊಳಗೆ ಹೆಮ್ಮೆ ಇತ್ತು, ಅದು ಹೋದೀತೆಂಬ ಭಯವೂ ಇತ್ತು.

ಈ ಹೆಮ್ಮೆಯನ್ನು ಬಿಡಿ ಎಂದು ನಾನು ಹೇಳಲಿಲ್ಲ. ಕಷ್ಟಪಟ್ಟು ಸಂಪಾದಿಸಿದ್ದು, ಯಾಕೆ ಬಿಡಬೇಕು? ಜನ ನಿಮ್ಮನ್ನೇ ಹುಡುಕಿ ಬರುವುದು ಯಾಕೆ ಎಂದು ಕೇಳಿದೆ. ಯೋಚಿಸಿ ಹೇಳಿದರು: ಅಳತೆ ಬ್ಲೌಸ್ ಕೈಗೆ ತೆಗೆದುಕೊಂಡು ಹೊಲಿಗೆ ಎಲ್ಲೆಲ್ಲಿ ಎಳೆದಿದೆ ಎಂದು ನೋಡುತ್ತಾರೆ. ಕಂಕುಳಲ್ಲಿ ಬಿಗಿಯಾಗ್ತಿತ್ತಾ, ಭುಜ ಜಾರ್ತಿತ್ತಾ ಎಂದು ವಿಚಾರಿಸುತ್ತಾರೆ. ಹೆರಿಗೆಯಾದವರಿಗೆ, ಆಪರೇಷನ್ ಆದವರಿಗೆ ಹೇಗೆ ಕಟ್ ಮಾಡಬೇಕೆಂದು ಗೊತ್ತು. ಈ ಪಟ್ಟಿಯಲ್ಲಿ ಹುಕ್ ಹಾಕುವುದು ಎಲ್ಲೂ ಬರಲಿಲ್ಲ. ಅದನ್ನು ಅವರೇ ಗಮನಿಸಿದರು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪೇಟೆ ಕೆಲಸ ಗಂಡನಿಗೆ ಹೋಯಿತು. ಬಿಲ್ಲಿಗೆ ಬಟ್ಟೆಯ ಚೂರು ಪಿನ್ ಮಾಡಿ ಕೊಡುತ್ತಾರೆ, ಅವರು ಮ್ಯಾಚಿಂಗ್ ತರುತ್ತಾರೆ. ಮೊದಲ ದಿನವೇ ರಾಮಾ ಗ್ರೀನ್ ಬದಲು ಬಾಟಲ್ ಗ್ರೀನ್ ತಂದು ಬೈಸಿಕೊಂಡರು, ಅವರೇ ವಾಪಸ್ ಹೋಗಿ ಬದಲಿಸಿದರು. ಪಿಯುಸಿ ಓದುವ ಮಗಳು ‘ಬ್ಲೌಸ್ ರೆಡಿ’ ಎಂದು ಮೆಸೇಜ್ ಹಾಕುತ್ತಾಳೆ. ಪರೀಕ್ಷೆ ತಿಂಗಳಲ್ಲಿ ಅದೂ ಬೇಡ, ಆಗ ಬಾಗಿಲಿಗೆ ಬೋರ್ಡ್ ಸಾಕು ಎಂದೆ. ರಾತ್ರಿ ಎಂಟರ ಮೇಲೆ ಅಂಗಡಿ ಫೋನ್ ಆಫ್. ಮೊದಮೊದಲು ಸೂಜಿ ಇಲ್ಲದೆ ರಾತ್ರಿ ಎದೆ ಢವಢವ ಎನ್ನುತ್ತಿತ್ತು. ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು ಎಂದು ಬರೆದುಕೊಟ್ಟಿದ್ದೆ.

ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಕಡಿಮೆ. ಕಲಿಸಲು ಅದೇ ಸರಿಯಾದ ತಿಂಗಳು. ಪೀಸ್ ಇಲ್ಲವೆಂದು ಆ ಹೆಂಗಸಿಗೆ ಆ ತಿಂಗಳು ಬರಿಗೈ ಮಾಡಬೇಡಿ, ವಾರಕ್ಕೆ ಇಷ್ಟು ಎಂದು ಕನಿಷ್ಠ ಕೊಡಿ ಎಂದಿದ್ದೆ. ಕೊಟ್ಟರು. ತೋಳು, ಪೈಪಿಂಗ್ ಎರಡೂ ಆಗಲೇ ಕಲಿಸಿದರು. ಕವರ್ ತೆಗೆದ ಮಿಷನ್‌ಗೆ ಎಣ್ಣೆ ಬಿತ್ತು. ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ವಾರ ಇರುವಾಗಲೇ ಆರ್ಡರ್ ನಿಲ್ಲಿಸಿದರು. ಮೊದಲೆಲ್ಲ ಹಬ್ಬದ ಹಿಂದಿನ ಸಂಜೆವರೆಗೂ ಬಟ್ಟೆ ಒಪ್ಪಿಕೊಳ್ಳುತ್ತಿದ್ದವರು. ನಾಲ್ಕಾರು ಗಿರಾಕಿಗಳು ಮುಖ ಗಂಟು ಹಾಕಿಕೊಂಡು ಬೇರೆ ಕಡೆ ಹೋದರು. ಅದಕ್ಕೆ ಎರಡು ದಿನ ಒದ್ದಾಡಿದರು. ಇಬ್ಬರು ಹೋಗಿದ್ದು ಎರಡು ಬೀದಿ ಆಚೆಯ ಅದೇ ಹುಡುಗಿಯ ಅಂಗಡಿಗೆ. ಅಳತೆಯಲ್ಲಿ ಅನುಮಾನ ಬಂದು ಆ ಹುಡುಗಿ ಫೋನ್ ಮಾಡಿದ್ದಳಂತೆ. “ಹೇಳಿಕೊಟ್ಟೆ ಮೇಡಂ, ಇನ್ನೇನು ಮಾಡ್ಲಿ” ಎಂದರು.

ರೇಷ್ಮೆ ಬ್ಲೌಸ್ ಇನ್ನೂ ಬಿಟ್ಟುಕೊಟ್ಟಿಲ್ಲ. ಭುಜದ ನೋವು ಪೂರ್ತಿ ಹೋಗಿಲ್ಲ, ವ್ಯಾಯಾಮ ನಡೆದಿದೆ. ಹನ್ನೊಂದರೊಳಗೆ ಮಲಗುತ್ತಾರೆ. ಕೆಲಸಕ್ಕೆ ಬರುವ ಹೆಂಗಸು ಈಗ ಕಟಿಂಗ್ ಕಲಿಸಿ ಎಂದು ಕೇಳುತ್ತಿದ್ದಾರಂತೆ. ಏನು ಮಾಡಲಿ ಎಂಬುದು ಅಕ್ಕನ ಹೊಸ ಪ್ರಶ್ನೆ. ಮನಸ್ಸಿದ್ದರೆ ಕಲಿಸಿ, ಆದರೆ ಕೆಲಸದ ಹೊತ್ತಿನಲ್ಲಿ ಬೇಡ ಎಂದೆ. ಭಾನುವಾರ ಒಂದು ಗಂಟೆ, ಮೊದಲು ಪೇಪರ್ ಮೇಲೆ, ಆಮೇಲೆ ಹಳೇ ಕಾಟನ್ ಮೇಲೆ. ಫೀಸ್ ಎಷ್ಟು ಅಂತ ಮೊದಲೇ ಹೇಳಿ. ಎಷ್ಟು ಹೇಳಬೇಕು ಎಂದು ಅಕ್ಕ ಇನ್ನೂ ಲೆಕ್ಕ ಹಾಕುತ್ತಿದ್ದಾರೆ. ಈ ಸಲ ತಮ್ಮ ಒಂದು ಗಂಟೆಗೂ ರೇಟ್ ಹಾಕಿಕೊಂಡೇ.