ಪದಪಟ್ಟಿ ಆಮೇಲೆ, ಮೊದಲು ಯಾರ ಬಲ ಅಂತ ಕೇಳಿ

ತುಮಕೂರಿನ ಹವ್ಯಾಸಿ ತಂಡ ಸೇರಿದ್ದೀರಿ, ಮುಂದಿನ ತಿಂಗಳು ಪ್ರಯೋಗ, ಅಷ್ಟರೊಳಗೆ ನೂರು ರಂಗಪದಗಳ ಕನ್ನಡ ಅರ್ಥ ಬಾಯಿಪಾಠ ಮಾಡಬೇಕು, ಪಟ್ಟಿ ಕೊಡಿ ಅಂದಿದ್ದೀರಿ. ನಾನೂ ಅಂಥದ್ದೇ ಪಟ್ಟಿ ಹಿಡಿದು ರಂಗಕ್ಕೆ ಹೋದವನು. ಅದರಲ್ಲಿ ‘ಸ್ಟೇಜ್ ರೈಟ್: ರಂಗದ ಬಲ’ ಅಂತ ಒಂದು ಸಾಲಿತ್ತು. ಅರ್ಥ ಸರಿಯೇ. ಯಾರ ಬಲ ಅನ್ನೋದು ಮಾತ್ರ ಅದರಲ್ಲಿ ಇರಲಿಲ್ಲ.

ರಂಗದ ಬಲ ಅಂದರೆ ಜನರಿಗೆ ಮುಖ ಮಾಡಿ ನಿಂತ ನಟನ ಬಲಗೈ ಕಡೆ. ನಟ ಬೆನ್ನು ತಿರುಗಿಸಿದರೂ ಅದು ಬದಲಾಗೋದಿಲ್ಲ. ಪ್ರಾಂಪ್ಟ್ ಪುಸ್ತಕ, ಅಂದರೆ ನಾಟಕದ ಮಾತಿನ ಜೊತೆ ಯಾರು, ಯಾವುದು, ಯಾವ ಕಡೆ ಅಂತ ಗುರುತು ಹಾಕುವ ಪುಸ್ತಕ, ಬರೆಯುವ ಕೆಲಸ ನನ್ನದು. ತಾಲೀಮಿನಲ್ಲಿ ರಂಗದ ಎದುರು, ಜನ ಕೂರುವ ಕಡೆ ಕೂತು, ನನ್ನ ಬಲಕ್ಕೆ ಕಂಡದ್ದನ್ನೆಲ್ಲ ‘ಬಲ’ ಅಂತ ಬರೆದುಬಿಟ್ಟೆ. ತಾಲೀಮು ಮುಗಿಯುವವರೆಗೂ ತಪ್ಪು ಹೊರಬರಲಿಲ್ಲ, ಯಾಕಂದರೆ ಅಲ್ಲಿ ಪುಸ್ತಕ ಯಾರೂ ನೋಡೋದಿಲ್ಲ, ನಿರ್ದೇಶಕರು ಬೆರಳು ತೋರಿಸುತ್ತಾರೆ. ಪ್ರಯೋಗದ ದಿನ ಮಾತ್ರ ಪುಸ್ತಕ ನೋಡುವವರು ಬರುತ್ತಾರೆ. ಬೆಳಕಿನವರು ಅದನ್ನು ಓದಿ ನಟನ ಬಲಕ್ಕೆ ಸ್ಪಾಟ್ ತಿರುಗಿಸಿದರು. ನಟರು ಕೈಯಲ್ಲಿ ಹಿಡಿಯುವ ಸಾಮಾನಿನ ಮೇಜು, ಅಂದರೆ ಪ್ರಾಪ್ಸ್ ಮೇಜೂ, ಅದೇ ಕಡೆಯ ವಿಂಗ್‌ಗೆ, ಅಂದರೆ ರಂಗದ ಪಕ್ಕದ ಮರೆಗೆ, ಹೋಯಿತು. ಸಿಂಹಾಸನ ಇಟ್ಟವರು ಮಾತ್ರ ತಾಲೀಮಿನ ನೆನಪಿನಂತೆ ಇನ್ನೊಂದು ಕಡೆ ಇಟ್ಟರು. ರಾಜ ಕತ್ತಲಲ್ಲಿ ಕೂತ, ಬೆಳಕು ಬರೀ ಹಲಗೆಯ ಮೇಲೆ ಬಿತ್ತು, ದೂತ ಇನ್ನೊಂದು ಕಡೆಯಿಂದ ಪತ್ರವಿಲ್ಲದೆ ಒಳಗೆ ಬಂದ. ಮೂರಕ್ಕೂ ಕಾರಣ ಒಂದೇ ಪದ. ಅವರು ಯಾರೂ ತಪ್ಪು ಮಾಡಿರಲಿಲ್ಲ. ಬಲ ಅನ್ನೋದಕ್ಕೆ ಬೆಳಕಿನವರ ಅರ್ಥ ಒಂದು, ಬರೆದವನ ಅರ್ಥ ಇನ್ನೊಂದು, ಅಷ್ಟೇ.

ಇದನ್ನು ತಪ್ಪಿಸೋದು ಹೀಗೆ. ಪುಸ್ತಕದ ಒಂದು ಮಗ್ಗುಲಲ್ಲಿ ಮಾತು, ಎದುರು ಹಾಳೆ ಖಾಲಿ. ಖಾಲಿ ಹಾಳೆಯಲ್ಲಿ ರಂಗದ ಚೌಕ ಬರೆದು, ಕೆಳಗಿನ ಅಂಚಿಗೆ ‘ಜನ’ ಅಂತ ಬರೆಯಿರಿ. ಆಗ ನಟನ ಬಲ ಕಾಗದದ ಎಡಕ್ಕೆ ಬೀಳುತ್ತದೆ. ಎಲ್ಲರೂ ಎಡವೋದು ಇಲ್ಲೇ, ಆದ್ದರಿಂದ ಆ ಮೂಲೆಯಲ್ಲಿ ‘ನಟನ ಬಲ’ ಅಂತ ಪೂರ್ತಿ ಬರೆಯಿರಿ, ಪ್ರತಿ ಹಾಳೆಯಲ್ಲೂ. ಬರೀ ‘ಬಲ’ ಅನ್ನೋ ಪದವನ್ನು ಪುಸ್ತಕದಿಂದ ತೆಗೆದೇ ಹಾಕಿ.

ಅಪ್‌ಸ್ಟೇಜ್, ಡೌನ್‌ಸ್ಟೇಜ್‌ಗೂ ಪಟ್ಟಿ ಸಾಲದು. ಯುರೋಪಿನ ಹಳೆಯ ರಂಗಗಳು ಹಿಂದಕ್ಕೆ ಹೋದಂತೆ ಎತ್ತರವಾಗುತ್ತಿದ್ದವು, ಅದಕ್ಕೇ ಹಿಂಭಾಗಕ್ಕೆ ‘ಅಪ್’, ಜನರ ಕಡೆಯ ಮುಂಭಾಗಕ್ಕೆ ‘ಡೌನ್’ ಅಂತ ಹೆಸರು. ನಮ್ಮ ನೆಲ ಸಮತಟ್ಟು. ‘ಅಪ್’ ಅನ್ನೋದನ್ನು ‘ಮೇಲೆ ಹೋಗು’ ಅಂತ ಕನ್ನಡ ಮಾಡಿದರೆ ಹೊಸ ನಟ ಹಲಗೆಯ ಲೆವೆಲ್ (ರಂಗದ ಮೇಲಿಟ್ಟ ಎತ್ತರದ ಕಟ್ಟೆ) ಹತ್ತುತ್ತಾನೆ. ‘ಹಿಂದೆ ಹೋಗು’ ಅಂದರೆ ತನ್ನ ಬೆನ್ನ ಹಿಂದೆ ಅಂದುಕೊಳ್ಳುತ್ತಾನೆ. ‘ಪರದೆ ಕಡೆ’, ‘ಜನರ ಕಡೆ’ ಅನ್ನಿ, ಗೊಂದಲವೇ ಇಲ್ಲ. ನಮ್ಮ ಹಳ್ಳಿಯ ಪೌರಾಣಿಕ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಒಂದು ಪಕ್ಕಕ್ಕೆ ಕೂತಿದ್ದರೆ ‘ಮೇಷ್ಟ್ರ ಕಡೆಯಿಂದ ಬಾ’ ಅಂದರೆ ಸಾಕು. ಯಾರು ಯಾವ ಕಡೆ ತಿರುಗಿದ್ದರೂ ಮೇಷ್ಟ್ರು ಇದ್ದಲ್ಲೇ ಇರುತ್ತಾರೆ. ಈ ಮಾತು ಪಟ್ಟಿಯ ಪದಕ್ಕಿಂತ ಒಳ್ಳೆಯ ರಂಗಭಾಷೆ ಅಂತ ನನ್ನ ಖಚಿತ ಅಭಿಪ್ರಾಯ.

ಪಾರ್ಟು, ಸೀನು, ಸೀನರಿ, ಸೈಡ್‌ವಿಂಗ್‌ಗೂ ಅಚ್ಚಗನ್ನಡ ಹುಡುಕಬೇಡಿ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ನೆಲ ನಮ್ಮದು. ಕಂಪನಿ ನಾಟಕದವರ ಬಾಯಲ್ಲಿ ಈ ಪದಗಳು ಎಂದೋ ಕನ್ನಡವಾಗಿವೆ.

ಓದಿ ಕಲಿಯಲೇಬೇಕಾದವು ಬೇರೆ ಇವೆ. ನಟ ಪಕ್ಕಕ್ಕೆ ತಿರುಗಿ ಹೇಳಿದ್ದನ್ನೆಲ್ಲ ‘ಸ್ವಗತ’ ಅನ್ನುತ್ತಾರೆ, ಅದು ತಪ್ಪು. ಸ್ವಗತ ರಂಗದ ಮೇಲಿನ ಯಾರಿಗೂ ಕೇಳದ ಮಾತು. ತ್ರಿಪತಾಕ ಹಸ್ತ, ಅಂದರೆ ಉಂಗುರ ಬೆರಳು ಮಾತ್ರ ಮಡಿಸಿದ ಕೈ, ಅಡ್ಡ ಹಿಡಿದು ಉಳಿದವರಿಗೆ ಕೇಳದಂತೆ ಇಬ್ಬರು ಆಡಿಕೊಳ್ಳೋದು ಜನಾಂತಿಕ. ತಿರುಗಿ ಒಬ್ಬನಿಗೆ ಗುಟ್ಟು ಹೇಳೋದು ಅಪವಾರಿತ. ಕಾಣದವನ ಜೊತೆ ‘ಏನಂದೆ?’ ಅಂತ ಕೇಳಿ, ಅವನ ಉತ್ತರವನ್ನೂ ತಾನೇ ಹೇಳಿಕೊಳ್ಳೋದು ಆಕಾಶಭಾಷಿತ. ಇವು ನಾಲ್ಕೂ ಕಣ್ಣಿನ ನೋಟವನ್ನೇ ಬದಲಿಸುತ್ತವೆ. ಹೆಸರು ಗೊತ್ತಿಲ್ಲದ ನಟ ನಾಲ್ಕಕ್ಕೂ ಜನರ ಕಡೆಗೇ ನೋಡುತ್ತಾನೆ.

ಕ್ಯೂ ಅಂದರೆ ನಿಮ್ಮ ಮಾತಿನ ಮೊದಲ ಪದವಲ್ಲ, ಎದುರಿನವರ ಕೊನೆಯ ಎರಡು ಮೂರು ಪದ. ಪಾರ್ಟಿನ ಹಾಳೆಯಲ್ಲಿ ಅವನ್ನೇ ಕೆಂಪಿನಲ್ಲಿ ಬರೆದುಕೊಳ್ಳಿ. ಬೆಳಕಿನ ಹನ್ನೆರಡನೇ ಬದಲಾವಣೆಗೆ ಕ್ಯೂ ಕೊಡುವಾಗ ಮೊದಲು ‘ಹನ್ನೆರಡು, ಸ್ಟ್ಯಾಂಡ್‌ಬೈ’ (ಸಿದ್ಧವಾಗಿರಿ), ಆಮೇಲೆ ‘ಹನ್ನೆರಡು, ಗೋ’. ‘ಗೋ’ ಕೊನೆಗೇ ಬರಬೇಕು, ಯಾಕಂದರೆ ಅದು ಕಿವಿಗೆ ಬಿದ್ದ ತಕ್ಷಣ ಕೈ ಓಡುತ್ತದೆ. ಬೇರೆ ಯಾವ ಮಾತಿನಲ್ಲೂ ಆ ಪದ ಬಳಸಬೇಡಿ.

ನಾಳೆ ತಾಲೀಮಿಗೆ ಒಂದು ಸುರುಳಿ ಬಣ್ಣದ ಟೇಪ್ ತೆಗೆದುಕೊಂಡು ಹೋಗಿ. ಸಿಂಹಾಸನದ ಹಿಂದಿನ ಎರಡು ಕಾಲಿನ ಜಾಗಕ್ಕೆ ಮಾತ್ರ ಗುರುತು ಅಂಟಿಸಿ, ಮುಂದಿನದು ಜನರ ಕಣ್ಣಿಗೆ ಬೀಳುತ್ತದೆ. ಪ್ರಾಪ್ಸ್ ಮೇಜಿಗೆ ಬಿಳಿ ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆಯಿರಿ. ಗೆರೆಯೊಳಗೆ ಪತ್ರ ಇಲ್ಲದಿದ್ದರೆ ದೂತ ಒಳಗೆ ಹೋಗುವ ಮುಂಚೆಯೇ ಗೊತ್ತಾಗುತ್ತದೆ.