ಅನ್ಯೋನ್ಯತೆಯೊಳಗಿನ ‘ಅನ್ಯ’

ಕ್ರಿಸ್ತನಲ್ಲಿ ಪ್ರಿಯರೇ,

ಕೋವಿಡ್‌ಗೆ ಮುಂಚೆ ತಮ್ಮ ಚರ್ಚಿನ ಸಭೆಯಲ್ಲಿ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ವಿಧಿಯ, ಹೊತ್ತಿಗೆ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯುತ್ತಿದ್ದರೆಂದೂ, ಈಗ ಬಂದಿರುವ ಒಬ್ಬೊಬ್ಬರ ಸಣ್ಣ ಲೋಟಗಳು ತೊಲಗುವ ಲಕ್ಷಣವೇ ಇಲ್ಲವೆಂದೂ, ಕೆಲವು ಹಿರಿಯರು ಇಂದಿಗೂ ಮನೆಯಲ್ಲಿ ಕುಳಿತು ಮೊಬೈಲಿನಲ್ಲೇ ಆರಾಧನೆ ನೋಡುತ್ತಾರೆಂದೂ ಬರೆದಿದ್ದೀರಿ. “ರೋಗ ಹೋಯಿತು, ಅನ್ಯೋನ್ಯತೆ ಮರಳಲಿಲ್ಲ, ನಾವು ಒಬ್ಬರಿಗೊಬ್ಬರು ಪರಕೀಯರಾದೆವೇ?” ಎಂಬುದು ತಮ್ಮ ಪ್ರಶ್ನೆ.

ತಾವು ಬಳಸಿದ ಪದದಿಂದಲೇ ಹೊರಡುತ್ತೇನೆ. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ ಆದಿಸಭೆಯ ಬದುಕನ್ನು ವರ್ಣಿಸಲು ನಮ್ಮ ಕನ್ನಡ ಬೈಬಲು ಆರಿಸಿಕೊಂಡದ್ದು ‘ಅನ್ಯೋನ್ಯತೆ’ ಎಂಬ ಮಾತನ್ನು. ಅದರೊಳಗೆ ‘ಅನ್ಯ’ ಎರಡು ಸಲ ಅಡಗಿದೆ. ಮೂಲದ ಗ್ರೀಕ್ ಪದಕ್ಕೆ ಪಾಲುದಾರಿಕೆಯ ಅರ್ಥವಷ್ಟೇ ಇದೆ. ಈ ಸೂಕ್ಷ್ಮ ನಮ್ಮ ಭಾಷೆಯದು. ಅನ್ಯನು ಅನ್ಯನಾಗಿ ಉಳಿಯದಿದ್ದರೆ ಅನ್ಯೋನ್ಯತೆಗೆ ಜಾಗವೇ ಇಲ್ಲ. ಎಲ್ಲರೂ ಒಂದೇ ಬಗೆಯವರಾಗಿ ನೆರೆದರೆ ಅದು ಬಳಗವಾದೀತು, ಸಭೆಯಾಗದು.

ಹಾಗಾದರೆ 2020ಕ್ಕೆ ಮುಂಚೆ ನಮ್ಮಲ್ಲಿದ್ದದ್ದು ಏನು? ಆ ಮಾರ್ಚಿನಲ್ಲಿ ‘ಸಾಮಾಜಿಕ ಅಂತರ’ ಎಂಬ ಮಾತು ಹೊಸದೆಂಬಂತೆ ಮನೆಮನೆಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯೇ ‘ದೈಹಿಕ ಅಂತರ’ ಎನ್ನುವುದು ಮೇಲೆಂದಿತಾದರೂ ಹಳೆಯ ಮಾತೇ ಉಳಿಯಿತು. ಈ ನೆಲದಲ್ಲಿ ಅದಕ್ಕೆ ಬೇರುಗಳು ಮೊದಲೇ ಇದ್ದವಲ್ಲ. ಪಾತ್ರೆಯ ಅಂಜಿಕೆಯೂ ವೈರಾಣುವಿನಿಂದ ಹುಟ್ಟಿದ್ದಲ್ಲ. ದಕ್ಷಿಣ ಭಾರತದ ಹಲವು ಸಭೆಗಳಲ್ಲಿ ಮೇಲ್ಜಾತಿಯವರು ಮೊದಲು, ದಲಿತರು ಆಮೇಲೆ ಪಾತ್ರೆಗೆ ತುಟಿಯಿಡುವ ಕ್ರಮವಿತ್ತು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗಿನ ಜಾತಿಭೇದವನ್ನು ಕೂಡಲೇ ಬಿಡಬೇಕೆಂದು ಪತ್ರ ಹೊರಡಿಸಿದಾಗ, ತಂಜಾವೂರಿನಲ್ಲೂ ಮದ್ರಾಸಿನ ವೇಪೇರಿಯಲ್ಲೂ ಅನೇಕರು ಜಾತಿಯನ್ನು ಉಳಿಸಿಕೊಂಡು ಸಭೆಯನ್ನೇ ಬಿಟ್ಟರು. ಅಲ್ಲಿ ಕ್ರಿಮಿಯ ಭಯವಿರಲಿಲ್ಲ, ಮನುಷ್ಯನ ಭಯವಿತ್ತು. ಆದ್ದರಿಂದ ಸೋಂಕಿಗೆ ಹೆದರಿ ತಂದ ಲೋಟಗಳ ಬಗ್ಗೆ ನನಗೆ ಅಷ್ಟು ದುಃಖವಿಲ್ಲ. ಪಕ್ಕದವರ ಆರೋಗ್ಯವನ್ನು ನೆನೆದು ಹಿಂದೆ ಸರಿಯುವುದೂ ಪ್ರೀತಿಯೇ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗಿಗೆ ಪ್ಲೇಗು ಬಂದಾಗ ಊರು ಬಿಡದೆ ರೋಗಿಗಳ ಜೊತೆಗಿದ್ದ ಸಭಾಸುಧಾರಕ ಲೂಥರನೂ, ತನ್ನ ಅಗತ್ಯವಿಲ್ಲದ ಕಡೆಗೆ ಹೋಗಿ ತಾನು ಸೋಂಕು ಹರಡಲಾರೆನೆಂದು ಬರೆದಿದ್ದನು.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದ ಕೊನೆಯನ್ನು ದಯವಿಟ್ಟು ಇನ್ನೊಮ್ಮೆ ಓದಿ. ಹಳೆಯ ಒಡಂಬಡಿಕೆಯ ಯಾಜಕಕಾಂಡದ ನಿಯಮದ ಪ್ರಕಾರ ಜನವಸತಿಯ ಹೊರಗಿರಬೇಕಾದ ಕುಷ್ಠರೋಗಿಯನ್ನು ಯೇಸು ಮುಟ್ಟುತ್ತಾನೆ. ಗುಣಪಡಿಸಲು ಮಾತೊಂದೇ ಸಾಕಾಗಿತ್ತು, ಆದರೂ ಮುಟ್ಟುತ್ತಾನೆ. ಆ ಮನುಷ್ಯ ಊರೊಳಗೆ ಸುದ್ದಿ ಸಾರುತ್ತಾ ತಿರುಗುತ್ತಾನೆ. ಯೇಸುವಾದರೋ ಊರೊಳಗೆ ಬರಲಾಗದೆ ಹೊರಗೆ, ಅಡವಿಯ ಸ್ಥಳಗಳಲ್ಲಿ ಉಳಿಯುತ್ತಾನೆ. ಇಬ್ಬರ ಜಾಗ ಅದಲುಬದಲಾಯಿತು. 2020ರ ಏಪ್ರಿಲಿನಲ್ಲಿ ಚೆನ್ನೈಯಲ್ಲಿ ಕೋವಿಡ್‌ನಿಂದ ತೀರಿಕೊಂಡ ವೈದ್ಯರೊಬ್ಬರನ್ನು ಹೂಳಲು ಬಿಡದೆ ಜನ ಆಂಬುಲೆನ್ಸಿಗೆ ಕಲ್ಲು ಹೊಡೆದರು. ಕೊನೆಗೆ ರಾತ್ರಿಯಲ್ಲಿ ಸಹೋದ್ಯೋಗಿಯೊಬ್ಬರು ಮಣ್ಣು ಮಾಡಬೇಕಾಯಿತು. ಆ ರಾತ್ರಿ ಕ್ರಿಸ್ತನು ಯಾವ ಕಡೆ ನಿಂತಿದ್ದನೆಂದು ಕೇಳಿಕೊಂಡರೆ, ನಮ್ಮ ಗೇಟುಗಳೊಳಗೆ ಅವನನ್ನು ಹುಡುಕುವುದು ಕಷ್ಟವಾಗುತ್ತದೆ.

ಇನ್ನು ಮೊಬೈಲಿನ ಮುಂದೆ ಕುಳಿತ ಹಿರಿಯರ ವಿಷಯ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್, ಭಾನುವಾರದ ಆರಾಧನೆಯ ನಂತರ ಬರಲಾಗದವರಿಗೆ ಸಭಾಸೇವಕರು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಒಯ್ಯುತ್ತಿದ್ದರೆಂದು ದಾಖಲಿಸಿದ್ದಾನೆ. ಲೋಟದ ಚರ್ಚೆ ತಮ್ಮ ಕಮಿಟಿಯ ಮುಂದಿನ ಸಭೆಗಿರಲಿ. ಅದಕ್ಕೆ ಮೊದಲು ಸಭಾಪಾಲಕರ ಜೊತೆ ಆ ಹಿರಿಯರ ಪಟ್ಟಿ ಮಾಡಿ, ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಕರ್ತನ ಭೋಜನವನ್ನು ಅವರ ಮನೆಗಳಿಗೆ ಒಯ್ಯುವಾಗ ತಾವೂ ಜೊತೆಗೆ ಹೋಗಿ.

– ಸಂಪಾದಕ