ಮಳೆ ಕೈಲಿಲ್ಲ, ತಾರಸಿ ಇದೆಯಲ್ಲ

ಬೆಂಗಳೂರಿನ ಬನಶಂಕರಿಯ ನಿವೃತ್ತ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಬೆಳಿಗ್ಗೆ ಪೇಪರ್ ಬಂದ ಕೂಡಲೇ ಕೆಆರ್‌ಎಸ್ ಮಟ್ಟ ನೋಡುತ್ತೇನೆ. ಜುಲೈ ಬಂದರೂ ನೀರು ಏರದಿದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಮಗಳು 'ಮಳೆ ನಿನ್ನ ಕೈಲಿದೆಯಾ ಅಪ್ಪಾ? ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ' ಅಂತಾಳೆ. ನಾನು ಮಾಡುತ್ತಿರುವುದು ತಪ್ಪೇ?"

ನಿದ್ದೆಯ ಮಟ್ಟಿಗೆ ಮಗಳ ಮಾತು ಸರಿ. ರಾತ್ರಿ ಮಲಗಿ ಸರ್, ಆರೋಗ್ಯ ಮುಖ್ಯ.

ಆದರೆ ಬೆಳಗಿನ ಆ ಚಿಂತೆಯನ್ನು ಮಾತ್ರ ಬಿಡಬೇಡಿ. ಈ ಊರಲ್ಲಿ ನಿಮ್ಮಂಥವರು ಕಡಿಮೆಯಾಗುತ್ತಿದ್ದಾರೆ ಅನ್ನೋದೇ ನನ್ನ ಸಂಕಟ. ನಮ್ಮ ನಲ್ಲಿಯ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಬರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಮೇಲೆತ್ತಬೇಕು. ಇದು ಗೊತ್ತಿದ್ದವರು ಚಿಂತೆ ಮಾಡದೆ ಹೇಗಿರುತ್ತಾರೆ?

1974ಕ್ಕೆ ಮೊದಲು ಕಾವೇರಿ ಇಲ್ಲಿಗೆ ಬಂದೇ ಇರಲಿಲ್ಲ. 1890ರ ದಶಕದಿಂದ ಹೆಸರಘಟ್ಟ ಕೆರೆ, 1933ರಿಂದ ತಿಪ್ಪಗೊಂಡನಹಳ್ಳಿ ಜಲಾಶಯ. ಎರಡೂ ಅರ್ಕಾವತಿಯ ನೀರು. ಆ ಹೊಳೆ ಬತ್ತಿತು. ಮಳೆಯೇನೂ ನಿಂತಿರಲಿಲ್ಲ, ಅಲ್ವಾ? ಸಾಲುಸಾಲಾಗಿ ಬೋರ್‌ವೆಲ್ ಕೊರೆದರು, ನೀಲಗಿರಿ ನೆಟ್ಟರು, ನೀರು ಹರಿದು ಬರುವ ದಾರಿಗಳನ್ನು ಮುಚ್ಚಿದರು. ಅದೆಲ್ಲ ಮನುಷ್ಯರ ಕೈಯಲ್ಲೇ ಆದದ್ದು.

2023ರಲ್ಲಿ ಮಳೆ ಕೈಕೊಟ್ಟಾಗ ನಮ್ಮ ಕಟ್ಟಡದ ಮೂರನೇ ಮಹಡಿಯ ಅಜ್ಜಿ ದಸರಾ ಹೊತ್ತಿಗೇ ಗೋಳಾಡಲು ಶುರುಮಾಡಿದರು. "ಬೇಸಿಗೆಗೆ ನೀರು ಸಾಲಲ್ಲ ಕಣ್ರಪ್ಪಾ, ತಾರಸಿ ಪೈಪನ್ನ ಸಂಪಿಗೆ ತಿರುಗಿಸಿ." ಸಭೆಯಲ್ಲಿ ಎಲ್ಲರ ಉತ್ತರ ಒಂದೇ: ಮಳೆ ಬರುತ್ತೋ ಇಲ್ವೋ, ನಮ್ಮ ಕೈಲೇನಿದೆ? ನಾನೂ ಆ ಸಭೆಯಲ್ಲಿದ್ದೆ, ಬಾಯಿ ಬಿಡಲಿಲ್ಲ. ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿತು. ಟ್ಯಾಂಕರಿಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಆಗ ಅಜ್ಜಿ ಹೇಳಿದ ಪೈಪ್ ಕೂರಿಸಿದೆವು. ಮೇ ತಿಂಗಳ ಮಳೆಗೆ ಸಂಪಿನೊಳಗೆ ನೀರು ಬೀಳುವ ಸದ್ದು ಕೇಳಲು ಮಕ್ಕಳೆಲ್ಲ ಮುಚ್ಚಳದ ಸುತ್ತ ನಿಂತಿದ್ದರು.

ಲೆಕ್ಕ ನೋಡಿ. ಬೆಂಗಳೂರಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರಡಿ ತಾರಸಿಯ ಮೇಲೆ ಹತ್ತಿರ ಹತ್ತಿರ 90 ಸಾವಿರ ಲೀಟರ್ ಬೀಳುತ್ತದೆ. 60x40 ಅಥವಾ ಅದಕ್ಕಿಂತ ದೊಡ್ಡ ಸೈಟಿನ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನಾಯಿತು. ಎಷ್ಟು ಮನೆಗಳಲ್ಲಿ ಆ ನೀರು ಇವತ್ತಿಗೂ ನೇರ ಚರಂಡಿಗೆ ಹೋಗುತ್ತಿದೆ!

"ನಮ್ಮ ಕೈಲೇನಿದೆ" ಅನ್ನೋ ಮಾತು ಈ ಊರನ್ನು ಒಳಗೊಳಗೇ ತಿನ್ನುತ್ತಿದೆ. ನಮ್ಮ ಬೀದಿ ಪಕ್ಕದ ರಾಜಕಾಲುವೆಗೆ ಕಟ್ಟಡದ ಕಸ ಸುರಿಯುತ್ತಿದ್ದಾರೆ ಅಂತ ಒಂದು ಕಚೇರಿಗೆ ಮೂರು ಸಲ ಅಲೆದೆ. ಪ್ರತಿ ಟೇಬಲ್ಲಿನಲ್ಲೂ ಅದೇ: ನಮ್ಮ ಕೈಲಿಲ್ಲ ಸರ್, ಆ ಕಡೆ ಕೇಳಿ. ಕೊನೆಗೆ ಹೊಟ್ಟೆ ಉರಿದು ಹೊರಗೆ ಬಂದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಅಂದಾಗಲೂ ಸರ್ಕಾರ ತೀರ್ಮಾನ ಮಾಡಿಯಾಗಿದೆ, ಇನ್ನೇನು ಅಂದವರೇ ಜಾಸ್ತಿ. ಆದರೆ ಮರಗಳು ಹೋಗುತ್ತವಲ್ಲ ಅಂತ ಚಿಂತೆ ಹತ್ತಿದವರು 2016ರ ಅಕ್ಟೋಬರಿನಲ್ಲಿ ಕೈಕೈ ಹಿಡಿದು ರಸ್ತೆ ಪಕ್ಕ ಸಾಲಾಗಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಈಗ ವಾರಾಂತ್ಯಕ್ಕೊಂದು ಮನಶ್ಶಾಂತಿ ಶಿಬಿರ, ಎಲ್ಲವನ್ನೂ ಬಿಟ್ಟುಬಿಡಿ ಅಂತ ಪಾಠ. ಎಲ್ಲರೂ ಬಿಟ್ಟುಬಿಟ್ಟರೆ ಕೆರೆ ಕಾಯುವವರು ಯಾರು?

ನಿಮ್ಮ ಮೇಲೂ ನನಗೊಂದು ತಕರಾರಿದೆ ಸರ್. ನಾಲ್ಕು ಪುಟದಲ್ಲಿ ಕೆಆರ್‌ಎಸ್ ಇದೆ, ಕೊಡಗಿನ ಮಳೆ ಇದೆ. ನಿಮ್ಮ ಮನೆಯ ತಾರಸಿ ಬಗ್ಗೆ ಒಂದು ಸಾಲೂ ಇಲ್ಲ. ಈ ಭಾನುವಾರ ಮಗಳನ್ನೂ ಕರೆದುಕೊಂಡು ಮೇಲೆ ಹತ್ತಿ. ಪೈಪ್ ಎಲ್ಲಿಗೆ ಹೋಗುತ್ತೆ ನೋಡಿ. ಜಯನಗರ 5ನೇ ಬ್ಲಾಕಿನಲ್ಲಿ ಮಳೆನೀರು ಕೊಯ್ಲಿನ ಪಾರ್ಕ್ ಇದೆ, ಬನಶಂಕರಿಯಿಂದ ಹತ್ತಿರವೇ. ಅದನ್ನೂ ನೋಡಿ ಬಂದು ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇನೆ.

— ಸಂಪಾದಕ